ಟಿಬಿ ಗುಳಿಗಿ, ಸೆರೆ ಮತ್ತ ನನ್ನ ಎಲ್‌ಎಫ್‌ಟಿ ರಿಪೋರ್ಟು

ಹೋದ ವಾರ ಕಡೀ ಗುಳಿಗಿ ನುಂಗಿ ಖಾಲಿ ಪಟ್ಟಿ ಕಸದ ಡಬ್ಬಿಗೆ ಒಗದೆ. ಆರ ತಿಂಗಳಿಗೆ ಮುಗೀಬೇಕಾಗಿದ್ದ ಟಿಬಿ ಕೋರ್ಸು ನನಗ ಹನ್ನೊಂದ ತಿಂಗಳ ಹಿಡೀತು. ಯಾಕ ಹಿಡೀತು ಅನ್ನೋದ ಈ ಕತಿ, ಮತ್ತ ಅದರಾಗ ಅರ್ಧಾ ತಪ್ಪು ನಂದ ಐತಿ ಅಂತ ಮೊದಲ ಹೇಳಿಬಿಡ್ತೇನಿ. ಹೆಸರು ಹಾಕಂಗಿಲ್ರಿ, ವಿಜಯಪುರದಾಗ ಮೋಟಾರ್ ರಿವೈಂಡಿಂಗ್ ಅಂಗಡಿ ಐತಿ, ವಯಸ್ಸು 37, ಅಷ್ಟ ಸಾಕು.

2024ರ ದೀಪಾವಳಿ ಮುಂದ ಕುತ್ತಿಗಿ ಎಡಕ್ಕ ಒಂದ ಗಂಟ ಬಂತು, ಅಡಕಿಯಷ್ಟ. ನೋವಿಲ್ಲ ಏನಿಲ್ಲ, ಅದಕ್ಕ ಬಿಟ್ಟೆ. ಒಂದ ತಿಂಗಳಿಗೆ ನಿಂಬಿಹಣ್ಣಿನಷ್ಟ ಆತು, ಸಂಜಿಮುಂದ ಜ್ವರ, ಅಂಗಿ ಬಗಲಾಗ ಸಡ್ಲ ಆಗಾಕ ಹತ್ತಿದ್ವು. ಸೂಜಿ ಹಾಕಿ ನೀರ ತಗದ್ರು, ಮಷೀನ್ ಟೆಸ್ಟ್‌ನ್ಯಾಗ ಟಿಬಿ ಅಂತ ಬಂತು. ನನಗ ಕೆಮ್ಮ ಇಲ್ಲ, ಎದಿ ಎಕ್ಸ್‌ರೇ ಸ್ವಚ್ಛ, ಗಂಟಿನ ಟಿಬಿ. ಇದು ಮತ್ತೊಬ್ಬರಿಗೆ ಹತ್ತಂಗಿಲ್ಲ ಅಂತ ಡಾಕ್ಟರ್ ಮೇಡಂ ಹೇಳಿದ್ರೂ ಮನ್ಯಾಗ ನನ್ನ ಚಾ ಕಪ್ಪ ಒಂದ ವಾರ ಬ್ಯಾರೇನ ಇತ್ತು.

ಗುಳಿಗಿ ಚಾಲೂ ಮಾಡೂಕಿಂತ ಮೊದಲ ಒಂದಿಷ್ಟ ಟೆಸ್ಟ್ ಬರದ್ರು: ಶುಗರ್, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತ ಸಿ, ರಕ್ತದ ಪೂರಾ ಎಣಿಕಿ, ಮತ್ತ ಎಲ್‌ಎಫ್‌ಟಿ ಅಂದ್ರ ಲಿವರ್ ಟೆಸ್ಟು. ಈ ಲಿವರ್ ಅನ್ನೋ ಶಬ್ದ ಕೇಳಿದ ಕೂಡ್ಲೆ ನನ್ನ ಹೊಟ್ಟ್ಯಾಗ ಕಲ್ಲ ಬಿತ್ತು. ಯಾಕಂದ್ರ ನಾನು ಸೆರೆ, ಅಂದ್ರ ದಾರೂ, ಕುಡೀತಿದ್ದೆ. ದಿನಾ ಅಲ್ಲ, ಆದ್ರ ಅಂಗಡಿ ಮುಚ್ಚಿದ ಮ್ಯಾಲ ವಾರದಾಗ ನಾಕ ದಿನ ಒಂದ ಕ್ವಾರ್ಟರ್ ಹೋಗ್ತಿತ್ತು. ಮನ್ಯಾಗ ಗೊತ್ತಿದ್ದದ್ದು "ತಿಂಗಳಿಗೊಮ್ಮೆ, ಗೆಳ್ಯಾರ ಕೂಡ". ಟೆಸ್ಟ್‌ಗೆ ಮೂರ ದಿನ ಇತ್ತಲ್ಲ, ಮೂರ ದಿನಾ ಮುಟ್ಟಲಿಲ್ಲ, ನೀರ ಭಾಳ ಕುಡದೆ, ಎಳನೀರ ಕುಡದೆ, ಎಲ್ಲಾ ತೊಳದ ಹೋಗಿರ್ತೈತಿ ಅನ್ಕೊಂಡೆ.

ರಿಪೋರ್ಟ್ ಬಂತು. ಎಸ್‌ಜಿಒಟಿ 78, ಎಸ್‌ಜಿಪಿಟಿ 34, ಜಿಜಿಟಿ 142, ಬಿಲಿರುಬಿನ್ (ಕಾಮಣಿ ಆದ್ರ ರಕ್ತದಾಗ ಏರೋ ಹಳದಿ ವಸ್ತು) ನಾರ್ಮಲ್. ರಕ್ತದ ರಿಪೋರ್ಟಿನಾಗ ಎಂಸಿವಿ 101. ನನಗಂತೂ ಏನೂ ತಿಳೀಲಿಲ್ಲ, ಮೊಬೈಲ್‌ನ್ಯಾಗ ಹುಡುಕಿದ್ರ ಎಲ್ಲಾ ಕ್ಯಾನ್ಸರಿಗೇ ಹೋಗಿ ನಿಲ್ತೈತಿ. ಮೇಡಂ ನೋಡಿ, ಬಾಜೂಕ ಕುಂತಿದ್ದ ನಮ್ಮ ಮನ್ಯಾಕಿನ್ನ ಒಮ್ಮೆ ನೋಡಿ, "ಕುಡಿಯೂದು ಎಷ್ಟ್ರಿ?" ಅಂದ್ರು. ನಾನು "ಅಪರೂಪಕ್ಕ ರೀ" ಅಂದೆ. ಅವರು ಏನೂ ಅನ್ನಲಿಲ್ಲ, ಮನ್ಯಾಕಿನ್ನ ಗುಳಿಗಿ ಚೀಟಿ ತರಾಕ ಹೊರಗ ಕಳಿಸಿದ್ರು. ಆಮ್ಯಾಲ ನನಗ ತಿಳಿಸಿ ಹೇಳಿದ್ರು.

ಅವರ ಹೇಳಿದ್ದು ನನಗ ತಿಳದಷ್ಟು ಹಿಂಗೈತಿ. ಎಸ್‌ಜಿಒಟಿ, ಎಸ್‌ಜಿಪಿಟಿ, ಜಿಜಿಟಿ ಅಂದ್ರ ಜೀವಕಣದಾಗಿನ ಎಂಜೈಮ್. ಎಸ್‌ಜಿಪಿಟಿ ಹೆಚ್ಚಾಗಿ ಲಿವರ್‌ನ್ಯಾಗ ಇರೋದು. ಎಸ್‌ಜಿಒಟಿ ಲಿವರ್‌ನ್ಯಾಗೂ ಐತಿ, ಮೈಯಾಗಿನ ಸ್ನಾಯು, ಹೃದಯ, ಕೆಂಪ ರಕ್ತಕಣದಾಗೂ ಐತಿ. ಜೀವಕಣ ಪೆಟ್ಟ ತಿಂದ್ರ ಇವು ರಕ್ತಕ್ಕ ಸೋರ್ತಾವ. ಸಾದಾ ಕೊಬ್ಬಿನ ಲಿವರ್ ಇದ್ರ ಹೆಚ್ಚಿಗಿ ಎಸ್‌ಜಿಪಿಟಿ ಮ್ಯಾಲಿರ್ತೈತಿ, ಸೆರೆಯಿಂದ ಆಗಿದ್ರ ಎಸ್‌ಜಿಒಟಿ ಎರಡ ಪಟ್ಟ ಮ್ಯಾಲ. ನಂದು ಎರಡ ಪಟ್ಟಿಗಿಂತ ಹೆಚ್ಚ ಇತ್ತು. ಜಿಜಿಟಿ ಸೆರೆಗೆ ಏರೋ ಪೈಕಿ, ಆದ್ರ ಅದೊಂದನ್ನ ನಂಬಾಕ ಬರಂಗಿಲ್ಲ, ಫಿಟ್ಸಿನ ಗುಳಿಗಿ ತಗೊಳ್ಳೋರಿಗೂ, ಅಂದ್ರ ಫೆನಿಟಾಯಿನ್, ಕಾರ್ಬಮಜೆಪಿನ್ ಅಂಥಾವು, ಅದು ಏರ್ತೈತಿ, ಒಂದ ಹನಿ ಕುಡೀದಿದ್ರೂ. ಎಂಸಿವಿ ಅಂದ್ರ ರಕ್ತಕಣದ ಗಾತ್ರ, ಭಾಳ ದಿನ ಕುಡದ್ರ ಅದು ದೊಡ್ಡದ ಆಗ್ತೈತಿ. "ಒಂದೊಂದ ನೋಡಿದ್ರ ಬ್ಯಾರೆ ಕಾರಣ ಇರಬಹುದ್ರಿ, ಮೂರೂ ಕೂಡಿ ಹೇಳಿದಾಗ ನಾವು ಕೇಳಬೇಕಾಗ್ತೈತಿ. ಕೆಂಪ ಕಣ 120 ದಿನ ಬದಕ್ತಾವ. ನೀವು ಮೂರ ದಿನ ಬಿಟ್ರ ಅವಕ್ಕೇನ ಗೊತ್ತಾಗ್ತೈತಿ?" ಅಂದ್ರು. ಮೂರ ದಿನ ಅಂತ ನಾನು ಹೇಳಿರಲೇ ಇಲ್ಲ. ಎಲ್ಲಾರೂ ಇದನ್ನ ಮಾಡ್ತಾರಂತ.

ಜಿಜಿಟಿ ಪೂರಾ ಇಳೀಬೇಕಂದ್ರ ಎರಡರಿಂದ ಆರ ವಾರ ಬೇಕು. ಅದಕ್ಕ ಇನ್ಶೂರೆನ್ಸಿಗಿ, ನೌಕರಿ ಮೆಡಿಕಲ್ಲಿಗಿ ಅಂತ ಎರಡ ದಿನ ಬಿಟ್ಟ ರಕ್ತಾ ಕೊಡೋರು ಸುಮ್ಮನ ತ್ರಾಸ ತಗೋಬ್ಯಾಡ್ರಿ. ಇನ್ನೊಂದು, ಕಮ್ಮಿ ರೇಟಿನ ಎಲ್‌ಎಫ್‌ಟಿ ಪ್ಯಾಕೇಜಿನಾಗ ಭಾಳ ಕಡೆ ಜಿಜಿಟಿ ಇರಂಗಿಲ್ಲ, ಬೇಕಾದ್ರ ಕೇಳಿ ಬರಸ್ರಿ. ಎಲ್‌ಎಫ್‌ಟಿಗೆ ಖಾಲಿ ಹೊಟ್ಟಿನೂ ಬೇಕಾಗಂಗಿಲ್ಲ, ನಾನು ಸುಮ್ಮನ ಉಪವಾಸ ಹೋಗಿ ತಲಿ ತಿರಗಿಸಿಕೊಂಡೆ.

ಡಿಸೆಂಬರ್ 4ಕ್ಕ ಗುಳಿಗಿ ಚಾಲೂ. ತೂಕ 57 ಕೆಜಿ, ಅದಕ್ಕ ದಿನಾ ನಾಕ ಗುಳಿಗಿ ಒಮ್ಮೆಲೆ. ಒಂದೊಂದ ಗುಳಿಗ್ಯಾಗ ನಾಕ ಔಷಧ ಕೂಡಿರ್ತಾವ: ಐಸೋನಿಯಾಜಿಡ್ 75, ರಿಫಾಂಪಿಸಿನ್ 150, ಪೈರಜಿನಮೈಡ್ 400, ಇಥಾಂಬುಟಾಲ್ 275 ಎಂಜಿ. ಇದರಾಗ ಮೊದಲಿನ ಮೂರು ಲಿವರ್ ಮ್ಯಾಲ ಭಾರ ಹಾಕೋವು, ಇಥಾಂಬುಟಾಲ್ ತಗೊಳ್ಳುವಾಗ ಕಣ್ಣಿನ ದೃಷ್ಟಿ ನೋಡಕೋಬೇಕು. ಗುಳಿಗಿ ಎಲ್ಲಾ ಸರ್ಕಾರದ್ದು, ಫುಕಟ. ನಿಕ್ಷಯ ಪೋಷಣ ಯೋಜನೆ ಅಂತ ತಿಂಗಳಿಗೆ 1000 ರೂಪಾಯಿ ಖಾತೆಗೆ ಬರ್ತೈತಿ, 2024ರ ನವೆಂಬರಿಗಿಂತ ಮೊದಲ 500 ಇತ್ತು. ನನ್ನ ಖಾತೆಗೆ ಆಧಾರ್ ಜೋಡಣಿ ಆಗಿರಲಿಲ್ಲ, ಬ್ಯಾಂಕಿಗೆ ಮೂರ ಸಲ ಅಡ್ಯಾಡಿದೆ, ರೊಕ್ಕ ಬಂದದ್ದು ಮಾರ್ಚಿನಾಗ. ನೀವು ಮೊದಲನೇ ದಿನಾನ ಅದನ್ನ ಮುಗಿಸಿ ಬಿಡ್ರಿ.

ಗುಳಿಗಿ ಕೊಡೋ ಸಿಸ್ಟರು "ಉಚ್ಚಿ ಕೆಂಪಗ ಬರ್ತೈತಿ, ಅಂಜಬ್ಯಾಡ್ರಿ" ಅಂತ ಹೇಳಿದ್ರು. ರಿಫಾಂಪಿಸಿನ್ ಗುಣ ಅದು, ಬೆವರು ಕಣ್ಣೀರು ಸೈತ ಕಿತ್ತಳಿ ಬಣ್ಣ ಆಗ್ತಾವ. ಖರೇನ ಎರಡನೇ ದಿನಾನ ಬಂತು, ನಕ್ಕ ಬಿಟ್ಟೆ. ಇದ ಮಾತು ಮುಂದ ನನಗ ಮುಳುವಾತು, ಹೇಳ್ತೇನಿ ತಡೀರಿ.

ಮೊದಲಿನ ಐದ ವಾರ ನಾನು ಕುಡೀಲಿಲ್ಲ. ಅಗದಿ ಖರೇ ಹೇಳ್ತೇನಿ, ಒಂದ ಹನಿ ಇಲ್ಲ. ಗಂಟು ಸಣ್ಣಾತು, ಹಸಿವಿ ಬಂತು, ಎರಡ ಕೆಜಿ ಏರಿದೆ. ಆರಾಮಾತು ಅನಿಸಿದಾಗ ಮನಷ್ಯಾ ಹಾಳಾಗ್ತಾನ ನೋಡ್ರಿ. ಸಂಕ್ರಮಣ ಬಂತು, ಸಿದ್ಧೇಶ್ವರ ಜಾತ್ರಿ ಬಂತು. ಊರಿಂದ ಗೆಳ್ಯಾರು ಎತ್ತ ನೋಡಾಕ ಬಂದ್ರು, ಮೂರ ರಾತ್ರಿ ಕುಂತ್ವಿ. "ಒಂದ 90ಕ್ಕ ಏನ್ ಆಗ್ತೈತಿ ಬಿಡೋ" ಅಂತ ಚಾಲೂ ಆತು, ಮೂರನೇ ದಿನ ಕ್ವಾರ್ಟರ್ ದಾಟಿತ್ತು. ಒಂದ ಕ್ವಾರ್ಟರ್ ಅಂದ್ರ 180 ಎಂಎಲ್‌ನ್ಯಾಗ ಹೆಚ್ಚುಕಮ್ಮಿ 60 ಗ್ರಾಂ ಶುದ್ಧ ಆಲ್ಕೋಹಾಲ್ ಇರ್ತೈತಂತ, ಇದೂ ಆಮ್ಯಾಲ ತಿಳಕೊಂಡಿದ್ದು.

ಜಾತ್ರಿ ಧೂಳಿಗೆ ನೆಗಡಿ, ಮೈ ಕೈ ನೋವು. ಪ್ಯಾರಾಸಿಟಮಾಲ್ 650 ಮನ್ಯಾಗಿತ್ತು, ದಿನಕ್ಕ ನಾಕ ತಗೊಂಡೆ. ಮೆಡಿಕಲ್ ಶಾಪಿನ್ಯಾಂವ ನೆಗಡಿಗೆ ಬ್ಯಾರೆ ಗುಳಿಗಿ ಕೊಟ್ಟ, ಅದನ್ನ ದಿನಕ್ಕ ಮೂರು. ಅದರಾಗೂ 500 ಎಂಜಿ ಪ್ಯಾರಾಸಿಟಮಾಲ್ ಇತ್ತು, ನಾನು ಓದಿ ನೋಡಿಲ್ಲ. ಲೆಕ್ಕಾ ಹಾಕ್ರಿ, 2600 ಪ್ಲಸ್ 1500, ದಿನಕ್ಕ 4100 ಎಂಜಿ. ಆರೋಗ್ಯ ಇದ್ದ ದೊಡ್ಡವರಿಗೆ 4 ಗ್ರಾಂ ಕಡೀ ಮಿತಿ, ಕುಡಿಯೋರಿಗೆ 2 ಗ್ರಾಂ ದಾಟಬ್ಯಾಡ್ರಿ ಅಂತಾರ. ಸೆರೆ ಕುಡಿಯೋರ ಲಿವರಿನಾಗ ಪ್ಯಾರಾಸಿಟಮಾಲ್ ವಿಷದ ವಸ್ತು ಆಗೋದು ಹೆಚ್ಚು, ಆ ವಿಷ ಮುರಿಯೋ ಗ್ಲುಟಾಥಯೋನ್ ಅನ್ನೋದು ಕಮ್ಮಿ. ಎರಡೂ ಕಡಿಂದ ಹೊಡತ.

ಒಂದ ವಾರಕ್ಕ ಊಟದ ವಾಸನಿ ಬಂದ್ರ ವಾಕರಿಕಿ. ಬಲಕ್ಕ ಪಕ್ಕಡಿ ಕೆಳಗ ಭಾರ. ಉಚ್ಚಿ ಇನ್ನೂ ಗಾಢ ಆಗಿತ್ತು, ಚಾದ ಡಿಕಾಕ್ಷನ್ ಹಂಗ. ಆದ್ರ ನನ್ನ ತಲ್ಯಾಗ ಸಿಸ್ಟರ್ ಮಾತು: ಕೆಂಪಗ ಬರ್ತೈತಿ ಅಂಜಬ್ಯಾಡ್ರಿ. ಹಂಗ ನಾಕೈದ ದಿನ ತಳ್ಳಿದೆ. ಕಡೀಕ ತಿಕೋಟಾ ಕಡಿಂದ ದ್ರಾಕ್ಷಿ ತ್ವಾಟದ ಮೋಟಾರ್ ತಂದಿದ್ದ ರೈತ ಒಬ್ಬಾಂವ ಅಂಗಡಿ ಮುಂದ ಬಿಸಲಾಗ ನಿಂತ ರೇಟ್ ಮಾತಾಡ್ವಾಗ ಸುಮ್ಮನಾಗಿ, "ಯಣ್ಣಾ, ಕಣ್ಣ ಹಳದಿ ಅದಾವಲ್ಲೋ ನಿಂದು" ಅಂದ. ಮನ್ಯಾಗ ಟ್ಯೂಬ್‌ಲೈಟಿನಾಗ ಯಾರಿಗೂ ಕಂಡಿರಲಿಲ್ಲ. ಟಿಬಿ ಗುಳಿಗಿ ತಗೊಳ್ಳೋರು ಇದೊಂದ ನೆನಪಿಡ್ರಿ, ಉಚ್ಚಿ ಬಣ್ಣ ನೋಡಿ ಕಾಮಣಿ ಗೊತ್ತಾಗಂಗಿಲ್ಲ, ಮುಂಜಾನಿ ಬಿಸಲಾಗ ಕನ್ನಡಿ ಹಿಡದ ಕಣ್ಣಿನ ಬಿಳಿ ನೋಡಕೋರಿ. ವಾಕರಿಕಿ, ಹಸಿವಿ ಸಾಯೋದು, ಮೈ ತುರಸೋದು ಇದ್ರ ಮರದಿನಕ್ಕ ಬಿಡಬ್ಯಾಡ್ರಿ, ಅವತ್ತ ಹೋಗ್ರಿ.

ಅವ್ವ ಊರಾಗ ಕಾಮಣಿ ಔಷಧ ಕೊಡಸಾಕ ಕರದ್ಲು. ಮೂಗಿನಾಗ ರಸಾ ಹಿಂಡ್ತಾರ, ಮುಂಗೈಗಿ ಬರಿ ಹಾಕ್ತಾರ. ಸಣ್ಣಾಂವ ಇದ್ದಾಗ ನನ್ನ ತಮ್ಮಗ ಹಾಕಸಿದ್ರು, ಕಲಿ ಇನ್ನೂ ಐತಿ. ನಮ್ಮ ಮನ್ಯಾಕಿ ಅವ್ವನ ಮಾತ ಮೀರಿದ್ದು ಅವತ್ತ ಒಂದ ದಿನ ಇರಬೇಕು. "ಅತ್ತಿ, ಮೊದಲ ರಕ್ತ ನೋಡಸೂಣು" ಅಂದ ನನ್ನ ಗಾಡಿ ಮ್ಯಾಲ ಹತ್ತಿಸಿಕೊಂಡ್ಲು.

ಮೊದಲ ಹೋದ ಕಡೆ ಲಿವರ್ ಟೆಸ್ಟಿನ ಕೆಮಿಕಲ್ ಮುಗದೈತಿ, ಸೋಮವಾರ ಬರ್ರಿ ಅಂದ್ರು. ಅವತ್ತ ಶುಕ್ರವಾರ, ಜನವರಿ 24. ಹೊರಗ ಖಾಸಗಿ ಲ್ಯಾಬಿನಾಗ 500 ಕೊಟ್ಟ ಮಾಡಿಸಿದ್ವಿ. ಎಸ್‌ಜಿಒಟಿ 538, ಎಸ್‌ಜಿಪಿಟಿ 412, ಬಿಲಿರುಬಿನ್ 3.8. ಲ್ಯಾಬಿನ ಹುಡುಗ ರಿಪೋರ್ಟ್ ಕೊಡುವಾಗ ಮುಖಾ ನೋಡಲಿಲ್ಲ.

ಮೇಡಂ ಆ ಕ್ಷಣಾನ ಎಲ್ಲಾ ಟಿಬಿ ಗುಳಿಗಿ ಬಂದ್ ಮಾಡಿಸಿದ್ರು. ಲೆಕ್ಕ ಹಿಂಗಂತ: ಏನೂ ತ್ರಾಸ ಇಲ್ಲದಾಂವಗ ಎಸ್‌ಜಿಪಿಟಿ ನಾರ್ಮಲ್ಲಿನ ಮ್ಯಾಲಿನ ಮಿತಿಕ್ಕಿಂತ (ನನ್ನ ರಿಪೋರ್ಟಿನಾಗ 40) ಐದ ಪಟ್ಟ ದಾಟಿದ್ರ, ವಾಕರಿಕಿ ಕಾಮಣಿ ಇದ್ದಾಂವಗ ಮೂರ ಪಟ್ಟ ದಾಟಿದ್ರ ನಿಲ್ಲಸ್ತಾರ. ನಂದು ಹತ್ತ ಪಟ್ಟ. ಸ್ವಲ್ಪ ಏರಿದ್ರ ನಿಲ್ಲಸಂಗಿಲ್ಲ, ನೋಡಕೋತ ಮುಂದವರಸ್ತಾರ, ಅದಕ್ಕ 60, 70 ಕಂಡು ನೀವ ನೀವ ಗುಳಿಗಿ ಬಿಡಬ್ಯಾಡ್ರಿ, ಅರ್ಧಾಕ್ಕ ಬಿಟ್ಟ ಟಿಬಿ ಹೊಳ್ಳಿ ಬಂದ್ರ ಔಷಧಕ್ಕ ಬಗ್ಗದಂಗ ಆಗಬಹುದು.

"ಸೆರೆ ಒಂದರಿಂದ ಎಸ್‌ಜಿಒಟಿ 300 ದಾಟೋದು ಅಪರೂಪ ರೀ. ಇಷ್ಟ ಏರೈತಿ ಅಂದ್ರ ಗುಳಿಗಿ ಕೆಲಸಾನೂ ಕೂಡೈತಿ. ಮನ್ಯಾಗ ಏನೇನ ನುಂಗ್ತೀರಿ, ಎಲ್ಲಾ ಒಂದ ಚೀಲದಾಗ ಹಾಕ್ಕೊಂಡ ಬರ್ರಿ" ಅಂದ್ರು. ಮನ್ಯಾಕಿ ಹೋಗಿ ತಂದ್ಲು. ಟೇಬಲ್ ಮ್ಯಾಲ ಸುರುವಿದಾಗ ನಾಚಿಕಿ ಬಂತು: ಟಿಬಿ ಪಟ್ಟಿ, ಪ್ಯಾರಾಸಿಟಮಾಲ್, ನೆಗಡಿ ಗುಳಿಗಿ, ಬೆನ್ನ ನೋವಿಗೆ ಯಾವಾಗೋ ತಂದ ನಿಮೆಸುಲೈಡ್. ಅದನ್ನ 12 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದಂತ 2011ರಾಗ ಸರ್ಕಾರಾನ ಬಂದ್ ಮಾಡೈತಿ, ಕಾರಣ ಲಿವರ್. ಮತ್ತ ಒಂದ ಬಾಟ್ಲಿ. ಅವ್ವ ಡಿಸೆಂಬರಿಂದ ದಿನಾ ಮುಂಜಾನಿ ಕೊಡ್ತಿದ್ದ ಅಮೃತಬಳ್ಳಿ ಕಷಾಯ, ಟಿಬಿಗೆ ಶಕ್ತಿ ಬರ್ಲಿ ಅಂತ. ಅದು ಔಷಧ ಅಂತ ನನಗ ಅನಿಸೇ ಇರಲಿಲ್ಲ, ಕೇಳಿದ್ರೂ ಹೇಳ್ತಿರಲಿಲ್ಲ. ಕೊರೊನಾ ಕಾಲದಾಗ ಇದನ್ನ ಕುಡದವರಿಗೆ ಲಿವರ್ ಬಾವು ಬಂದ ಕೇಸು ಮುಂಬೈ ಡಾಕ್ಟರು 2021ರಾಗ ಬರದಾರಂತ, ಆಯುಷ್ ಮಂತ್ರಾಲಯ ಅದನ್ನ ಒಪ್ಪಿಲ್ಲ. ನನ್ನ ಕೇಸಿನಾಗ ಯಾವುದು ಎಷ್ಟ ಹೊಡತ ಕೊಟ್ಟೈತಿ ಅಂತ ಯಾರಿಗೂ ಬ್ಯಾರೆ ಮಾಡಿ ಹೇಳಾಕ ಬರಂಗಿಲ್ಲ. ರಿಪೋರ್ಟಿನಾಗ 412 ಅಂತ ಬರೀತಾರ ಹೊರತು ಜಾತ್ರಿದು 100, ನೆಗಡಿ ಗುಳಿಗಿದು 80 ಅಂತ ಬರಿಯಂಗಿಲ್ಲ.

ಆಗ ಮನ್ಯಾಕಿ ಮುಂದನ ಎಲ್ಲಾ ಹೇಳಿದೆ. ಜಾತ್ರಿದೂ ಹೇಳಿದೆ, ವಾರಕ್ಕ ನಾಕ ಕ್ವಾರ್ಟರಿಂದೂ ಹೇಳಿದೆ. ಆಕಿ ಏನೂ ಅನ್ನಲಿಲ್ಲ. ಎರಡ ದಿನ ಮಾತಾಡಲಿಲ್ಲ ಅಷ್ಟ, ನುಚ್ಚು ಮಜ್ಜಿಗಿ ತಂದ ಮುಂದ ಇಟ್ಟ ಹೋಗ್ತಿದ್ಲು.

ಪಿಟಿ-ಐಎನ್‌ಆರ್ ಮಾಡಿಸಿದ್ರು, 1.2 ಬಂತು, ಮೇಡಂ ಮೊದಲನೇ ಸಲ ಸ್ವಲ್ಪ ಸಡಿಲಾಗಿ ಕುಂತ್ರು. ಎಸ್‌ಜಿಒಟಿ, ಎಸ್‌ಜಿಪಿಟಿ ಲಿವರಿಗೆ ಪೆಟ್ಟ ಬಿದ್ದೈತಿ ಅಂತ ಹೇಳ್ತಾವ, ಲಿವರ್ ಕೆಲಸಾ ಮಾಡಾಕತ್ತೈತೋ ಇಲ್ಲೋ ಹೇಳೋದು ಆಲ್ಬುಮಿನ್ ಮತ್ತ ಈ ರಕ್ತ ಹೆಪ್ಪಗಟ್ಟೋ ಟೆಸ್ಟು. ಐಎನ್‌ಆರ್ ಏರಿದ್ರ, ಮಂಪರ ಬಂದ್ರ, ಅದು ಅಡ್ಮಿಟ್ ಆಗೋ ಹೊತ್ತು. ಸ್ಕ್ಯಾನಿಂಗಿಗೆ 900 ಆತು, ಗ್ರೇಡ್ ಒಂದ ಫ್ಯಾಟಿ ಲಿವರ್ ಅಂತ ಬಂತು.

ಗುಳಿಗಿ ಇಲ್ಲದ ಆ 17 ದಿನ ಭಾಳ ಕೆಟ್ಟ ಹೋದ್ವು. ಟಿಬಿ ಹೊಳ್ಳಿ ಬೆಳೀತೈತೇನೋ ಅಂತ ದಿನಕ್ಕ ಹತ್ತ ಸಲ ಕುತ್ತಿಗಿ ಮುಟ್ಟಿ ನೋಡಕೋತಿದ್ದೆ. ನನ್ನಂಥಾ ಗಂಟಿನ ಕೇಸಿಗೆ ಕಾಯಬಹುದು, ಜೀವಕ್ಕ ಅಪಾಯ ಇರೋ ಟಿಬಿಗೆ ಲಿವರಿಗೆ ತ್ರಾಸ ಕೊಡದ ಬ್ಯಾರೆ ಔಷಧ ಕೊಟ್ಟ ನಡಸ್ತಾರಂತ. ಹೊರಗ ಬೆಂಚಿನ ಮ್ಯಾಲ ಇಂಡಿ ಕಡಿ ಒಬ್ಬ ಅಜ್ಜಿ ಪರಿಚಯ ಆದ್ಲು, ಅವೇ ಗುಳಿಗಿ, ಎಸ್‌ಜಿಪಿಟಿ 600 ದಾಟಿತ್ತು. ಜೀವನದಾಗ ಸೆರೆ ಮುಟ್ಟಿದಾಕಿ ಅಲ್ಲ. ಆಕಿ ಸೊಸಿಗೆ ಓಣ್ಯಾಗ ಮಂದಿ "ನಿಮ್ಮತ್ತಿ ಕದ್ದ ಕುಡೀತಾಳೇನ" ಅಂತ ಕೇಳಿದ್ರಂತ. ನನ್ನನ್ನ ಯಾರೂ ಕೇಳಲಿಲ್ಲ, ನನಗ ಕೇಳಬೇಕಿತ್ತು.

ಫೆಬ್ರುವರಿ 10ಕ್ಕ ಎಸ್‌ಜಿಪಿಟಿ 71. ಎರಡ ಪಟ್ಟಿನ ಕೆಳಗ, ಅಂದ್ರ 80ರ ಒಳಗ ಬಂದ್ರ ಹೊಳ್ಳಿ ಚಾಲೂ ಮಾಡ್ತಾರ, ಆದ್ರ ಒಮ್ಮೆಲೆ ಅಲ್ಲ. ಮೊದಲ ರಿಫಾಂಪಿಸಿನ್, ಇಥಾಂಬುಟಾಲ್. ಒಂದ ವಾರ ಬಿಟ್ಟ ರಕ್ತ. ಅಲ್ಲೊಂದ ಗಡಬಡ ಆತು: ಎಸ್‌ಜಿಪಿಟಿ 46, ಎಸ್‌ಜಿಒಟಿ ಒಮ್ಮೆಲೆ 118. ನನ್ನ ಕಾಲಾಗಿನ ಬಲಾ ಹೋತು. ಮೇಡಂ ರಿಪೋರ್ಟಿನ ಕೆಳಗ ಸಣ್ಣ ಅಕ್ಷರದಾಗ ಬರದಿದ್ದ "ಸ್ಯಾಂಪಲ್ ಹೀಮೊಲೈಸ್ಡ್" ಅನ್ನೋದನ್ನ ತೋರಿಸಿದ್ರು. ರಕ್ತ ತಗೊಳ್ಳುವಾಗ ಕಣ ಒಡದ್ರ ಅದರೊಳಗಿನ ಎಸ್‌ಜಿಒಟಿ ಹೊರಗ ಬರ್ತೈತಿ. ಆ ಹುಡುಗ ನನ್ನ ಕೈಗೆ ಮೂರ ಸಲ ಚುಚ್ಚಿದ್ದ. "ಭಾರ ಏನರ ಎತ್ತಿದ್ರೇನು?" ಅಂತನೂ ಕೇಳಿದ್ರು. ಎತ್ತಿದ್ದೆ, ಹಿಂದಿನ ದಿನ ಹತ್ತ ಎಚ್‌ಪಿ ಸಬ್‌ಮರ್ಸಿಬಲ್ ಮೋಟಾರು, ಒಬ್ಬನ. ಸ್ನಾಯು ದಣದ್ರೂ ಏರ್ತೈತಿ, ಜಿಮ್ಮಿಗೆ ಹೋಗೋ ಹುಡುಗೋರು ಟೆಸ್ಟಿಗಿಂತ ಒಂದ ವಾರ ಮೊದಲ ಭಾರ ಎತ್ತೋದ ಬಿಡ್ರಿ. ಹೊಳ್ಳಿ ತಗದ ರಕ್ತದಾಗ 41 ಬಂತು. ಎರಡೂ ಸಲದ ರೊಕ್ಕ ನಂದ, ಲ್ಯಾಬಿನವರು ಒಂದ ರೂಪಾಯಿ ಬಿಡಲಿಲ್ಲ. ಮುಂದ ಒಂದ ಲ್ಯಾಬ್ ಹಿಡದೆ, ಯಾಕಂದ್ರ ಒಬ್ಬರ ಮಿತಿ 40 ಇದ್ರ ಇನ್ನೊಬ್ಬರದು 56, ಹೋಲಸಾಕ ಬರಂಗಿಲ್ಲ.

ಆಮ್ಯಾಲ ಐಸೋನಿಯಾಜಿಡ್ ಕೂಡಿಸಿದ್ರು, ಮತ್ತೊಂದ ವಾರಕ್ಕ ರಕ್ತ, ಸರಿ ಇತ್ತು. ಪೈರಜಿನಮೈಡ್ ಹೊಳ್ಳಿ ಕೊಡಲೇ ಇಲ್ಲ, ಅದು ಇಲ್ಲಂದ್ರ ಕೋರ್ಸ್ ಆರರ ಬದಲಿ ಒಂಬತ್ತ ತಿಂಗಳ. ಮೊದಲಿನ ದಿನ ಲೆಕ್ಕಕ್ಕ ಹಿಡೀಲಿಲ್ಲ, ಫೆಬ್ರುವರಿಯಿಂದ ಎಣಿಸಿದ್ರು. ಬ್ಯಾಸಿಗಿ, ಮಳಿಗಾಲ ಎಲ್ಲಾ ಗುಳಿಗಿ ಮ್ಯಾಲ ಹೋತು, ಅದರಾಗ ಹೇಳೂವಂಥಾದ್ದೇನಿಲ್ಲ. ತಿಂಗಳಿಗೊಂದ ಎಲ್‌ಎಫ್‌ಟಿ, ಒಟ್ಟ ಕೈಯಿಂದ ಹೋಗಿದ್ದು ಹತ್ತ ಸಾವಿರದ ಆಸುಪಾಸು, ಅಂಗಡಿ ಮುಚ್ಚಿದ ದಿನ ಬ್ಯಾರೆ.

ಸಂಜಿ ಏಳಕ್ಕ ಅಂಗಡಿ ಶಟರ್ ಎಳಿಯೋ ಹೊತ್ತ ಮಾತ್ರ ತ್ರಾಸ ಆಗ್ತಿತ್ತು, ಕೈ ತಾನ ಗಾಡಿ ಆ ಕಡೆ ತಿರಗಿಸ್ತಿತ್ತು. ಅದಕ್ಕ ಆ ಹೊತ್ತಿಗೆ ಮಗನ್ನ ಟ್ಯೂಷನ್ನಿಂದ ಕರಕೊಂಡ ಬರೋ ಕೆಲಸ ನಾನ ತಗೊಂಡೆ. ದಿನಾ ಭಾಳ ಕುಡಿಯೋರು ಒಮ್ಮೆಲೆ ಬಿಡಬ್ಯಾಡ್ರಿ, ಕೈ ನಡುಕ, ಫಿಟ್ಸ್ ಬರ್ತಾವ, ಡಾಕ್ಟರಿಗೆ ಹೇಳೇ ಬಿಡ್ರಿ.

ಹೋದ ವಾರದ ರಿಪೋರ್ಟು: ಎಸ್‌ಜಿಒಟಿ 26, ಎಸ್‌ಜಿಪಿಟಿ 24, ಜಿಜಿಟಿ 33, ಎಂಸಿವಿ 90. ಹೆಪಟೈಟಿಸ್ ಬಿ ಇಲ್ಲ ಅಂತ ಮೊದಲ ಗೊತ್ತಾಗಿತ್ತಲ್ಲ, ಅದರ ಲಸಿಕಿ ಎರಡ ಡೋಸ್ ಹಾಕಿಸಿಕೊಂಡೇನಿ, ಮೂರನೇದ್ದು ಸಂಕ್ರಮಣದ ವಾರಕ್ಕ ಬಂದೈತಿ. ಅವತ್ತ ಇನ್ನೊಂದ ಎಲ್‌ಎಫ್‌ಟಿ ಬರದಾರ. ಗೆಳ್ಯಾರು ಜಾತ್ರಿಗೆ ಬರ್ತೇವಂತ ಈಗಾಗಲೇ ಫೋನ್ ಹಚ್ಚಾಕತ್ತಾರ. ಎತ್ತ ನೋಡಾಕ ಬರ್ತೇನಿ, ಊಟಕ್ಕ ನಮ್ಮನಿಗೇ ಬರ್ರಿ ಅಂದೇನಿ.